ಮೂರನೇ ಕುರ್ಚಿ: ಹವ್ಯಾಸಿಗಳ ಸಿನಿಮಾ ಹರಟೆ ಯಾಕೆ ರುಚಿಸುತ್ತದೆ?

ನ್ಯೂಜಿಲೆಂಡಿನ ಇಬ್ಬರು ಹಾಸ್ಯಗಾರರು, ಟಿಮ್ ಬ್ಯಾಟ್ ಮತ್ತು ಗೈ ಮಾಂಟ್‌ಗೊಮರಿ, 2014ರಲ್ಲಿ ಒಂದು ಪಾಡ್‌ಕಾಸ್ಟ್ ಶುರು ಮಾಡಿದರು. ‘ಗ್ರೋನ್ ಅಪ್ಸ್ 2’ ಎಂಬ ಹಾಲಿವುಡ್ ಹಾಸ್ಯಚಿತ್ರವನ್ನು ವಾರಕ್ಕೊಮ್ಮೆ ಮೊದಲಿಂದ ಕೊನೆಯವರೆಗೆ ನೋಡುವುದು, ನೋಡಿದ್ದನ್ನು ಮಾತಾಡುವುದು, ಒಂದು ವರ್ಷ ಪೂರ್ತಿ ಇದೇ ಕೆಲಸ. 52 ವಾರ, 52 ಸಲ, ಅದೇ ಸಿನಿಮಾ. ಜನ ಕೇಳಿದರು. ಅದಕ್ಕೂ ಹಿಂದಿನ ವರ್ಷ ಅಮೆರಿಕದಲ್ಲಿ ‘ಸ್ಟಾರ್ ವಾರ್ಸ್ ಮಿನಿಟ್’ ಬಂದಿತ್ತು. ಒಂದು ಸಂಚಿಕೆಗೆ ಸಿನಿಮಾದ ಒಂದೇ ನಿಮಿಷ. ಎರಡು ಗಂಟೆಯ ಚಿತ್ರಕ್ಕೆ ನೂರಿಪ್ಪತ್ತರಷ್ಟು ಸಂಚಿಕೆ. ಅದನ್ನೂ ಜನ ಕೇಳಿದರು. ಆ ಮಾದರಿಯಲ್ಲಿ ಬೇರೆ ಬೇರೆ ಚಿತ್ರಗಳನ್ನು ನಿಮಿಷ ನಿಮಿಷವಾಗಿ ಬಿಡಿಸುವ ಒಂದು ಪಂಗಡವೇ ಹುಟ್ಟಿಕೊಂಡಿತು.

ಸಿನಿಮಾ ನೋಡಬೇಕೋ ಬೇಡವೋ ಎಂದು ತಿಳಿಯಲು ಇಂಥದ್ದನ್ನು ಯಾರೂ ಕೇಳುವುದಿಲ್ಲ. ‘ಮಾತಾಡುವವರು ನಮ್ಮಂಥವರೇ, ಅದಕ್ಕೇ ಆಪ್ತ ಅನ್ನಿಸುತ್ತದೆ’ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅರ್ಧ ಮಾತ್ರ ಸರಿ. ನಮ್ಮಂಥವರೇ ಮಾಡಿದ ಎಷ್ಟೋ ಪಾಡ್‌ಕಾಸ್ಟ್‌ಗಳನ್ನು ಐದನೇ ನಿಮಿಷಕ್ಕೆ ಮುಚ್ಚುತ್ತೇವಲ್ಲ! ಹವ್ಯಾಸಿ ಎಂದ ಮೇಲೆ ಕೊರತೆಗಳು ಇದ್ದದ್ದೇ. ಆದರೆ ಅವುಗಳಲ್ಲಿ ಎರಡು ಜಾತಿ. ಒಂದು ಜಾತಿಯವು ಕೇಳುವವರಿಗೆ ಕೂರಲು ಜಾಗ ಮಾಡಿಕೊಡುತ್ತವೆ, ಇನ್ನೊಂದು ಜಾತಿಯವು ಎಬ್ಬಿಸಿ ಕಳಿಸುತ್ತವೆ. ತಿಳಿವಳಿಕೆಯ ಕೊರತೆ ಮೊದಲನೆಯದು, ಧ್ವನಿಯ ಕೊರತೆ ಎರಡನೆಯದು. ಪಾಡ್‌ಕಾಸ್ಟ್ ಮಾಡಹೊರಟವರಲ್ಲಿ ಬಹಳ ಮಂದಿ ಇದನ್ನು ತಿರುವುಮುರುವು ತಿಳಿದಿರುತ್ತಾರೆ: ವಿಕಿಪೀಡಿಯ ಅರೆದು ಕುಡಿದು ಬಂದು ಫ್ಯಾನಿನ ಕೆಳಗೆ ಕೂರುತ್ತಾರೆ.

ಚಿತ್ರ ಬಿಟ್ಟ ಮೇಲಿನ ಮಾತು

ಸಿನಿಮಾ ನೋಡುವುದಕ್ಕೆ ಮೊದಲಿಂದಲೂ ಒಂದು ಬಾಲ ಇತ್ತು. ಪಾರ್ಕಿಂಗ್‌ನಿಂದ ಗಾಡಿ ತೆಗೆಯುವಾಗ, ಪಕ್ಕದ ಹೋಟೆಲಿನಲ್ಲಿ ಬೈಟು ಕಾಫಿ ಬರುವಷ್ಟರಲ್ಲಿ, ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್ ಅಲ್ವಾ?’ ಎಂದು ಶುರುವಾಗುವ ಮಾತು. ಒಂದೇ ಹೊತ್ತಿಗೆ ಒಂದೇ ಚಿತ್ರ ನೋಡಿದ ನಾಲ್ಕು ಜನ ಒಂದೆಡೆ ಸಿಗುತ್ತಿದ್ದುದರಿಂದ ಅದು ನಡೆಯುತ್ತಿತ್ತು. ಒಟಿಟಿ ಬಂದ ಮೇಲೆ ಒಬ್ಬರು ಶುಕ್ರವಾರ ರಾತ್ರಿ ನೋಡಿದ್ದನ್ನು ಇನ್ನೊಬ್ಬರು ಮೂರು ತಿಂಗಳ ನಂತರ, ಅದೂ ಊಟದ ಹೊತ್ತಿಗೆ ಅರ್ಧರ್ಧ ಗಂಟೆಯಂತೆ ನಾಲ್ಕು ದಿನ ನೋಡುತ್ತಾರೆ. ಡಲ್ಲಾಸ್‌ನಲ್ಲೋ ಮ್ಯೂನಿಕ್‌ನಲ್ಲೋ ಇರುವ ಕನ್ನಡಿಗರ ಪಾಡು ಇನ್ನೂ ಬೇರೆ. ವಾರಾಂತ್ಯದ ಒಂದೋ ಎರಡೋ ಪ್ರದರ್ಶನ ನೋಡಿ ಬಂದರೆ ಸೋಮವಾರ ಆಫೀಸಿನಲ್ಲಿ ಆ ಚಿತ್ರದ ಹೆಸರು ಕೇಳಿದವರೂ ಇರುವುದಿಲ್ಲ. ನೋಡುವುದು ಸಲೀಸಾಯಿತು, ಮಾತಾಡಲು ಜನ ಸಿಗದಂತಾಯಿತು.

ಪಾಡ್‌ಕಾಸ್ಟ್ ಈ ಬಾಲವನ್ನು ಚಿತ್ರದಿಂದ ಬಿಡಿಸಿ, ಯಾವಾಗ ಬೇಕಾದರೂ ಸಿಗುವಂತೆ ಇಡುತ್ತದೆ. ಇಬ್ಬರು ಮಾತಾಡುತ್ತಾರೆ; ನೀವು ಮೂರನೇ ಕುರ್ಚಿಯಲ್ಲಿ, ಬಾಯಿಲ್ಲದೆ. ಇಯರ್‌ಫೋನ್ ಇದಕ್ಕೆ ಸಹಾಯಕ. ಸ್ಪೀಕರಿನ ದನಿ ಎದುರಿನಿಂದ ಬರುತ್ತದೆ, ಇಯರ್‌ಫೋನಿನಲ್ಲಿ ಎರಡೂ ಕಿವಿಗೆ ಸಮನಾಗಿ ಬೀಳುವ ದನಿ ತಲೆಯ ಒಳಗೇ ಹುಟ್ಟಿದಂತೆ ಕೇಳಿಸುತ್ತದೆ. ಪಾತ್ರೆ ತೊಳೆಯುವಾಗ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾಯುವಾಗ ಕಣ್ಣು ಬೇರೆ ಕೆಲಸದಲ್ಲಿರುತ್ತದೆ, ಕಿವಿ ಮಾತ್ರ ಖಾಲಿ.

ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಮಾಜವಿಜ್ಞಾನಿಗಳು 1956ರಲ್ಲೇ ರೇಡಿಯೊ-ಟಿವಿಯ ನಿರೂಪಕರ ಜೊತೆ ಪ್ರೇಕ್ಷಕರು ಕಟ್ಟಿಕೊಳ್ಳುವ ಒಮ್ಮುಖ ಸ್ನೇಹವನ್ನು ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟಿದ್ದರು. ಪಾಡ್‌ಕಾಸ್ಟ್ ಬಗ್ಗೆ ಬರೆಯುವವರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತಾರೆ. ಆದರೆ ಆ ವಿವರಣೆ ಅಡುಗೆ ಪಾಡ್‌ಕಾಸ್ಟಿಗೂ ಸರಿ, ಕ್ರಿಕೆಟ್ ಪಾಡ್‌ಕಾಸ್ಟಿಗೂ ಸರಿ. ಸಿನಿಮಾ ಹರಟೆಯಲ್ಲಿ ಇನ್ನೇನೋ ಇದೆ: ಮಾತಾಡುತ್ತಿರುವ ವಸ್ತುವನ್ನು ಕೇಳುಗರೂ ನೋಡಿದ್ದಾರೆ. ಮೂರೂ ಜನರ ಮುಂದೆ ಅದೇ ಎಲೆ, ಅದೇ ಊಟ.

ಕತೆ ಗೊತ್ತಿದ್ದೇ ಕೇಳುವವರು

ಇದು ಅರ್ಥವಾಗಬೇಕಾದರೆ ಅಮೆರಿಕಕ್ಕಿಂತ ನಮ್ಮ ಕರಾವಳಿ ಹತ್ತಿರ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಪಂಚೆ-ಶಾಲಿನಲ್ಲಿ ಕೂತ ಅರ್ಥಧಾರಿಗಳು ಆ ಪದ್ಯ ಹಿಡಿದು ಅಲ್ಲೇ ಹೊಳೆದ ಮಾತಿನಲ್ಲಿ ವಾದಕ್ಕಿಳಿಯುತ್ತಾರೆ. ‘ವಾಲಿ ವಧೆ’ಯಲ್ಲಿ ವಾಲಿ ಸಾಯುತ್ತಾನೆ ಎಂಬುದು ಮುಂದೆ ಕೂತ ಮಗುವಿಗೂ ಗೊತ್ತು. ಜನ ಬಂದಿರುವುದು, ಮರದ ಮರೆಯಿಂದ ಬಾಣ ಬಿಟ್ಟದ್ದಕ್ಕೆ ರಾಮ ಇವತ್ತು ಏನು ಸಮರ್ಥನೆ ಕೊಡುತ್ತಾನೆ, ವಾಲಿ ಅದನ್ನು ಎಲ್ಲಿ ಕತ್ತರಿಸುತ್ತಾನೆ ಎಂದು ಕೇಳುವುದಕ್ಕೆ. ಶೇಣಿ ಗೋಪಾಲಕೃಷ್ಣ ಭಟ್ಟರ ಎದುರು ಮಲ್ಪೆ ರಾಮದಾಸ ಸಾಮಗರು ಕೂತಿದ್ದಾರೆ ಎಂದರೆ ಪ್ರಸಂಗ ಯಾವುದು ಎಂಬ ಪ್ರಶ್ನೆ ಎರಡನೆಯದಾಗುತ್ತಿತ್ತು. ಯಾರು ಯಾವ ಪಟ್ಟು ಹಾಕುತ್ತಾರೆ ಎಂಬ ಅಂದಾಜು ಇಟ್ಟುಕೊಂಡು, ಆ ಅಂದಾಜು ತಪ್ಪುವ ಕ್ಷಣಕ್ಕೆ ಕಾಯುವುದೇ ಅಲ್ಲಿನ ಸುಖ.

ಸಿನಿಮಾ ಪಾಡ್‌ಕಾಸ್ಟಿನ ಖಾಯಂ ಕೇಳುಗರಿಗೆ ಸಿಗುವುದೂ ಇದೇ. ಅದಕ್ಕೇ ಕೊನೆ ಹೇಳಿಬಿಡುತ್ತಾರೆ ಎಂಬ ಭಯ ಇಲ್ಲಿ ಕೆಲಸ ಮಾಡುವುದಿಲ್ಲ. ಕ್ಯಾಲಿಫೋರ್ನಿಯಾದ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಸಣ್ಣಕತೆಗಳನ್ನು ಓದಿಸಿ ನೋಡಿದಾಗ, ಕೊನೆ ಮೊದಲೇ ಗೊತ್ತಿದ್ದವರೇ ಕತೆಯನ್ನು ಹೆಚ್ಚು ಮೆಚ್ಚಿದ್ದರು. ನಂತರದ ಅಧ್ಯಯನಗಳಲ್ಲಿ ಬೇರೆ ಫಲಿತಾಂಶಗಳೂ ಬಂದಿವೆ, ವಿವಾದ ಮುಗಿದಿಲ್ಲ. ತಾಳಮದ್ದಳೆಯ ಪ್ರೇಕ್ಷಕರಿಗೆ ಆ ಅಧ್ಯಯನದ ಹಂಗೂ ಇಲ್ಲ.

ಪಟ್ಟು ಗೊತ್ತಿರುವುದರಿಂದ ಇನ್ನೊಂದು ಉಪಯೋಗವಿದೆ. ಎಷ್ಟೋ ಮನೆಗಳಲ್ಲಿ ಗಡಿಯಾರವನ್ನು ಬೇಕೆಂದೇ ಐದು ನಿಮಿಷ ಮುಂದಿಟ್ಟಿರುತ್ತಾರೆ. ಮನೆಯವರಿಗೆ ಅದರಿಂದ ತೊಂದರೆಯಿಲ್ಲ, ಎಷ್ಟು ಮುಂದಿದೆ ಎಂಬುದು ಗೊತ್ತು. ವಿಮರ್ಶಕರ ಐದಕ್ಕೆ ಮೂರು ನಕ್ಷತ್ರ ಎಂದರೆ ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ತಿಳಿಯದ ಗಡಿಯಾರ. ಆದರೆ ಇಪ್ಪತ್ತು ಸಂಚಿಕೆ ಕೇಳಿದ ಮೇಲೆ, ಒಬ್ಬರಿಗೆ ಹಾಡು ಬಂದರೆ ಸಾಕು ಮೈ ಉರಿಯುತ್ತದೆ, ಇನ್ನೊಬ್ಬರಿಗೆ ಇಂಟರ್ವಲ್ ಬ್ಯಾಂಗ್ ಚೆನ್ನಾಗಿದ್ದರೆ ಉಳಿದ ಪಾಪವೆಲ್ಲ ಮಾಫಿ ಎಂಬುದು ಮನದಟ್ಟಾಗಿರುತ್ತದೆ. ಮೊದಲನೆಯವರು ಬೈದರೂ ‘ಹಾಡಿಗೆ ಬೈದಿದ್ದಾರೆ, ನನಗೆ ಇಷ್ಟವಾಗುತ್ತದೆ’ ಎಂದು ಲೆಕ್ಕ ಹಾಕಬಹುದು. ಇದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರ ಒಲವು ಕಾಣುವುದು ಇನ್ನೊಬ್ಬರು ಅದಕ್ಕೆ ಅಡ್ಡ ಬಂದಾಗ. ಚಿಕಾಗೊದ ಎರಡು ಎದುರಾಳಿ ಪತ್ರಿಕೆಗಳ ವಿಮರ್ಶಕರಾದ ರೋಜರ್ ಈಬರ್ಟ್ ಮತ್ತು ಜೀನ್ ಸಿಸ್ಕೆಲ್ 1975ರಲ್ಲಿ ಟಿವಿಗೆ ಬಂದು ದಶಕಗಟ್ಟಲೆ ಜಗಳವಾಡಿ ಹೆಸರಾದದ್ದು ಇದೇ ಸೂತ್ರದ ಮೇಲೆ. ಅದೇ ಊರಿನಲ್ಲಿ 2005ರಲ್ಲಿ ಇಬ್ಬರು ಗೆಳೆಯರು ಹೂಡಿದ ‘ಸಿನೆಕಾಸ್ಟ್’ ಮುಂದೆ ‘ಫಿಲ್ಮ್‌ಸ್ಪಾಟಿಂಗ್’ ಎಂದು ಹೆಸರು ಬದಲಿಸಿಕೊಂಡು ಈಗಲೂ ನಡೆದಿದೆ. ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿದ್ದೂ ಅದೇ ವರ್ಷ, ಜೂನ್‌ನಲ್ಲಿ.

ಕರ್ನಾಟಕದಲ್ಲಿ ಚಿತ್ರ ನೋಡಿ ಕೂತು ಮಾತಾಡುವ ಅಭ್ಯಾಸಕ್ಕೆ ಬೇರೆ ಬೇರು ಉಂಟು. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ 1971ರದ್ದು, ಹೆಗ್ಗೋಡಿನ ನೀನಾಸಂ ಚಿತ್ರಸಮಾಜ 1973ರದ್ದು. ಆದರೆ ಅಲ್ಲಿ ತೋರಿಸುತ್ತಿದ್ದುದು ಆರಿಸಿದ ಚಿತ್ರಗಳನ್ನು, ಚರ್ಚೆಯಲ್ಲಿ ಬಲ್ಲವರು ಒಬ್ಬರಾದರೂ ಇರುತ್ತಿದ್ದರು. ಪಾಡ್‌ಕಾಸ್ಟಿನ ಹವ್ಯಾಸಿ ಇದನ್ನು ತಲೆಕೆಳಗು ಮಾಡಿದರು. ಯಾರೂ ಚರ್ಚೆಗೆ ಯೋಗ್ಯ ಎಂದುಕೊಳ್ಳದ ಸಾಧಾರಣ, ಸೋತ, ಮರೆತ ಚಿತ್ರಗಳನ್ನೇ ಎತ್ತಿಕೊಂಡರು. 2007ರಲ್ಲಿ ಶುರುವಾದ ‘ದ ಫ್ಲಾಪ್ ಹೌಸ್’ ಕೆಟ್ಟ ಚಿತ್ರಗಳನ್ನೇ ಹಿಡಿದು ಇಷ್ಟು ವರ್ಷ ಬಾಳಿದೆ. ಪೇಟೆಗೆ ಹೋಗಿ ಸಿನಿಮಾ ನೋಡಿ ಬಂದವರು ಮಾರನೆಯ ದಿನ ಊರವರಿಗೆ ಕತೆ ಹೇಳುತ್ತಿದ್ದರಲ್ಲ, ಅದರ ರುಚಿ ಇದರಲ್ಲಿದೆ. ಚಿತ್ರಕ್ಕಿಂತ ಹೇಳಿದ ಕತೆ ಚೆನ್ನಾಗಿರುವುದು ಅಪರೂಪವೇನಲ್ಲ.

ತಪ್ಪೂ ಒಂದು ಆಮಂತ್ರಣ

ಹವ್ಯಾಸಿಗಳು ನೆನಪಿನಿಂದ ಮಾತಾಡುತ್ತಾರೆ, ನೆನಪು ಕೈಕೊಡುತ್ತದೆ. ‘ಆ ಪೊಲೀಸ್ ಪಾತ್ರ ಮಾಡಿದವರು… ಅದೇ, ಆ ಸೀರಿಯಲ್‌ನಲ್ಲೂ ಇದ್ದರು…’ ಎಂದು ತಡವರಿಸುವಾಗ ಕೇಳುಗರ ಬಾಯಿಗೆ ಆ ಹೆಸರು ಬಂದಿರುತ್ತದೆ. ಬಸ್ಸಿನಲ್ಲಿ ಕೂತು ಒಳಗೊಳಗೇ ಕೂಗಿಕೊಳ್ಳುವ ಆ ಕಸಿವಿಸಿಯೇ ಮೂರನೇ ಕುರ್ಚಿಯ ಕೆಲಸ. ಎಲ್ಲ ಗೊತ್ತಿರುವ ವಿಮರ್ಶಕರ ಮುಂದೆ ಕೇಳುಗರು ವಿದ್ಯಾರ್ಥಿ. ತಡವರಿಸುವ ಹವ್ಯಾಸಿಯ ಮುಂದೆ ಸಮಾನರು, ಒಮ್ಮೊಮ್ಮೆ ಒಂದು ಕೈ ಮೇಲೆ.

ಇದನ್ನು ಬಲ್ಲವರು ಎರಡು ಕೆಲಸ ಮಾಡುತ್ತಾರೆ. ಮಾತಿನ ನಡುವೆ ಫೋನ್ ತೆಗೆದು ಹೆಸರು ಹುಡುಕುವುದಿಲ್ಲ, ಹುಡುಕಿದ ಕೂಡಲೇ ಮಾತು ಸತ್ತು ಓದು ಶುರುವಾಗುತ್ತದೆ. ಮುಂದಿನ ಸಂಚಿಕೆಯ ಮೊದಲ ಮೂರು ನಿಮಿಷ ಕೇಳುಗರು ಬರೆದ ತಿದ್ದುಪಡಿಗಳನ್ನು, ಹೆಸರು ಹೇಳಿ, ಓದುತ್ತಾರೆ. ತಪ್ಪಿಗೂ ಮಿತಿ ಇದೆ ಅನ್ನಿ. ಹೆಸರು ಮರೆತರೆ ನಗು ಬರುತ್ತದೆ. ಒಬ್ಬ ನಟಿಯ ಖಾಸಗಿ ಬದುಕಿನ ಬಗ್ಗೆ ಗಾಳಿಮಾತು ಹೇಳಿದರೆ ಅದು ತಪ್ಪಲ್ಲ, ಕೇಡು.

ಅವಸರವಿಲ್ಲದಿರುವುದೂ ಹವ್ಯಾಸಿಗಳ ಬಂಡವಾಳ. ಬಿಡುಗಡೆಯ ದಿನದ ವಿಮರ್ಶೆ ಈಗ ನ್ಯಾಯಾಲಯದ ಕಟ್ಟೆ ಹತ್ತಿದೆ. ಕೇರಳ ಹೈಕೋರ್ಟಿಗೆ 2023ರಲ್ಲಿ ದೂರು ಹೋಯಿತು, ಮೊದಲ 48 ಗಂಟೆ ವ್ಲಾಗರ್‌ಗಳು ತಡೆದುಕೊಳ್ಳಲಿ ಎಂದು ಅಮಿಕಸ್ ಕ್ಯೂರಿ (ಕೋರ್ಟಿಗೆ ನೆರವಾಗುವ ವಕೀಲರು) 2024ರಲ್ಲಿ ಸಲಹೆ ಕೊಟ್ಟರು. ಮೊದಲ ಮೂರು ದಿನ ವಿಮರ್ಶೆಯೇ ಬೇಡ ಎಂದು ತಮಿಳು ನಿರ್ಮಾಪಕರು ಅದೇ ವರ್ಷ ಡಿಸೆಂಬರಿನಲ್ಲಿ ಕೇಳಿದಾಗ ಮದ್ರಾಸ್ ಹೈಕೋರ್ಟ್ ಮಧ್ಯಂತರ ತಡೆ ಕೊಡಲಿಲ್ಲ. ಕೆಲವು ಕನ್ನಡ ಚಿತ್ರಗಳಿಗೂ ಟಿಕೆಟ್ ಆ್ಯಪ್‌ನಲ್ಲಿ ಕೋರ್ಟ್ ಆದೇಶದ ಮೇರೆಗೆ ರೇಟಿಂಗ್ ಮುಚ್ಚಿದ್ದುಂಟು. ಮೂರು ವಾರ ಕಳೆದು ಎರಡು ಗಂಟೆ ಮಾತಾಡುವ ಪಾಡ್‌ಕಾಸ್ಟ್ ಈ ಯುದ್ಧದ ಹೊರಗಿದೆ. ಅಷ್ಟು ಹೊತ್ತಿಗೆ ಗಳಿಕೆಯ ಜೂಜು ಮುಗಿದಿರುತ್ತದೆ, ಅಭಿಮಾನಿಗಳ ಕಾವೂ ಇಳಿದಿರುತ್ತದೆ.

ಕ್ಷಮೆ ಇಲ್ಲದ್ದು ಧ್ವನಿಗೆ

ಇನ್ನು ಎಬ್ಬಿಸಿ ಕಳಿಸುವ ಕೊರತೆಗಳು. ತಲೆಯೊಳಗೆ ಮಾತಾಡುತ್ತಿರುವ ದನಿ ಪೊಳ್ಳು ಹೊಡೆದರೆ ಆ ಸಾಮೀಪ್ಯ ಆ ಕ್ಷಣವೇ ಮುರಿಯುತ್ತದೆ. ಬಾವಿಯೊಳಗಿನ ದನಿಯ ಜೊತೆ ಯಾರೂ ಸ್ನೇಹ ಬೆಳೆಸುವುದಿಲ್ಲ.

ನಮ್ಮ ಮನೆಗಳಲ್ಲಿ ಮೊದಲ ಶತ್ರು ಕೋಣೆ. ಟೈಲ್ಸ್ ನೆಲ, ಬರಿಗೋಡೆ, ಗಾಜಿನ ಕಿಟಕಿ ಮೂರೂ ದನಿಯನ್ನು ವಾಪಸ್ ಎಸೆಯುತ್ತವೆ. ದುಬಾರಿ ಕಂಡೆನ್ಸರ್ ಮೈಕ್ ತಂದರೆ ಈ ಪ್ರತಿಧ್ವನಿಯನ್ನೂ ಬೀದಿಯ ತರಕಾರಿ ಗಾಡಿಯನ್ನೂ ಇನ್ನಷ್ಟು ಚೆನ್ನಾಗಿ ಹಿಡಿಯುತ್ತದೆ. ಸಾಧಾರಣ ಡೈನಾಮಿಕ್ ಮೈಕ್ ಹತ್ತಿರದ ದನಿ ಹಿಡಿದು ದೂರದ್ದನ್ನು ಅಷ್ಟಾಗಿ ತೆಗೆದುಕೊಳ್ಳುವುದಿಲ್ಲ. ಬಾಯಿಯಿಂದ 10ರಿಂದ 15 ಸೆಂ.ಮೀ., ಅಂದರೆ ಒಂದು ಗೇಣಿಗಿಂತ ಕಡಿಮೆ. ನೇರ ಬಾಯೆದುರು ಇಡದೆ ಕೆನ್ನೆಯ ಕಡೆಗೆ ಸ್ವಲ್ಪ ಓರೆ ಮಾಡಬೇಕು, ಇಲ್ಲದಿದ್ದರೆ ‘ಪಾತ್ರ’, ‘ಭಾವನೆ’, ‘ಫೈಟ್’ ಅಂದಾಗಲೆಲ್ಲ ಗಾಳಿ ಬಡಿದು ‘ಢಬ್’ ಎನ್ನುತ್ತದೆ. ಮಾತಾಡುವವರ ಬೆನ್ನ ಹಿಂದೆಯೂ ಎದುರಿಗೂ ಕೌದಿ ಅಥವಾ ದಪ್ಪ ಜಮಖಾನ ಇಳಿಬಿಟ್ಟರೆ ಅರ್ಧ ಕೆಲಸ ಆಯಿತು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರತ್ತ ಮುಖ ಮಾಡಿ ಕೂತರೂ ಆದೀತು. ಫ್ಯಾನ್ ಆರಿಸಲೇಬೇಕು. ‘ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆದರಾಯಿತು’ ಎಂದವರ ದನಿ ಕೊನೆಗೆ ನೀರಿನೊಳಗಿಂದ ಬಂದಂತೆ ಇರುತ್ತದೆ, ಏಕೆಂದರೆ ಫ್ಯಾನಿನ ಸದ್ದಿನ ಜೊತೆ ದನಿಯ ಒಂದಷ್ಟು ಭಾಗವೂ ಹೋಗಿರುತ್ತದೆ.

ಇಬ್ಬರು ಬೇರೆ ಬೇರೆ ಊರಿನಲ್ಲಿದ್ದರೆ ಕಷ್ಟ ಇನ್ನೊಂದು ಬಗೆ. ಭಾಷಾವಿಜ್ಞಾನಿಗಳು 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದಾಗ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಹೊರಡುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು ಇತ್ತು, ಕಣ್ಣು ಮಿಟುಕಿಸುವಷ್ಟು. ಕನ್ನಡ ಆ ಹತ್ತರಲ್ಲಿ ಇರಲಿಲ್ಲ, ಆದರೂ ನಮ್ಮ ಹರಟೆ ಇದಕ್ಕಿಂತ ನಿಧಾನ ಎಂದು ಯಾರೂ ಹೇಳಲಾರರು. ನೆಟ್‌ವರ್ಕಿನ ವಿಳಂಬಕ್ಕೆ ಬ್ಲೂಟೂತ್ ಇಯರ್‌ಫೋನಿನ ನೂರಿನ್ನೂರು ಮಿಲಿಸೆಕೆಂಡ್ ಸೇರಿದರೆ ಈ ಬಿಡುವು ದುಪ್ಪಟ್ಟಾಗುತ್ತದೆ. ಆಗ ಇಬ್ಬರೂ ಒಟ್ಟಿಗೆ ಬಾಯಿ ತೆರೆದು, ‘ಹೇಳಿ ಹೇಳಿ’, ‘ಇಲ್ಲ, ನೀವೇ ಹೇಳಿ’ ಶುರು. ಆದ್ದರಿಂದ ತಂತಿಯ ಇಯರ್‌ಫೋನ್ ಬಳಸಬೇಕು. ಬ್ಲೂಟೂತ್‌ನ ಮೈಕ್ ಅಂತೂ ಬೇಡವೇ ಬೇಡ, ಅದು ತೆರೆದ ಕೂಡಲೇ ದನಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ.

ಕರೆಯನ್ನೇ ರೆಕಾರ್ಡ್ ಮಾಡುವ ಬದಲು ಇಬ್ಬರೂ ತಮ್ಮ ತಮ್ಮ ಕಡೆ ಬೇರೆಯೇ ಫೋನಿನಲ್ಲೋ ರೆಕಾರ್ಡರಿನಲ್ಲೋ (ಫ್ಲೈಟ್ ಮೋಡ್‌ನಲ್ಲಿಟ್ಟು) ದನಿ ಹಿಡಿದು ಆಮೇಲೆ ಜೋಡಿಸುವುದು ಒಳ್ಳೆಯದು. ಎರಡನ್ನೂ ಹೊಂದಿಸಲು ಗುರುತಾಗಿ ಮೊದಲಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಒಂದು ಚಪ್ಪಾಳೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಬೇಕಾಗುವುದು ಅದೇ. ಎರಡು ಯಂತ್ರಗಳ ಒಳಗಿನ ಗಡಿಯಾರ ಹತ್ತು ಲಕ್ಷಕ್ಕೆ 50ರಷ್ಟು ಹೆಚ್ಚುಕಡಿಮೆ ಓಡಿದರೂ ಗಂಟೆಗೆ 0.18 ಸೆಕೆಂಡ್ ಜಾರುತ್ತದೆ. ಅಂದರೆ ಮಾತಿನ ನಡುವಿನ ಆ ಸಹಜ ಬಿಡುವಿನಷ್ಟೇ! ಸಂಚಿಕೆಯ ಕೊನೆಗೆ ಬರುವಾಗ ಜೋಕಿಗಿಂತ ಮೊದಲು ನಗು ಬಂದಿರುತ್ತದೆ. ಕೊನೆಯ ಚಪ್ಪಾಳೆ ಇದ್ದರೆ ಒಂದು ಟ್ರ್ಯಾಕನ್ನು ಅಷ್ಟು ಎಳೆದು ಸರಿ ಮಾಡಬಹುದು. ಸ್ಯಾಂಪಲ್ ರೇಟ್ (ಯಂತ್ರ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎಂಬ ಲೆಕ್ಕ) ಒಬ್ಬರದು 48 ಕಿಲೋಹರ್ಟ್ಸ್, ಇನ್ನೊಬ್ಬರದು 44.1 ಆಗಿದ್ದು ಸಾಫ್ಟ್‌ವೇರ್ ಗಮನಿಸದಿದ್ದರೆ ಜಾರುವುದು ಸೆಕೆಂಡುಗಳಲ್ಲಲ್ಲ: 60 ನಿಮಿಷದ ಮಾತು 65 ನಿಮಿಷವಾಗಿ, ದನಿ ದಪ್ಪಗಾಗಿ, ಗೆಳೆಯ ಖಳನಾಯಕನಾಗಿರುತ್ತಾನೆ.

ಕೊನೆಗೆ ಎರಡೂ ದನಿಯ ಮಟ್ಟ ಸಮ ಮಾಡಿ, ಒಟ್ಟು ಗಟ್ಟಿತನವನ್ನು -16 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಎಷ್ಟು ಜೋರು ಎಂಬುದರ ಅಳತೆ) ತಂದು, ಅತ್ಯಂತ ಜೋರಿನ ಜಾಗ -1 ಡೆಸಿಬೆಲ್ ದಾಟದಂತೆ ನೋಡಿಕೊಂಡರೆ ಬಸ್ಸಿನಲ್ಲೂ ಕೇಳುತ್ತದೆ. ಬರೀ ಮಾತಿಗೆ ಮಾನೋ, 64 ಕೆಬಿಪಿಎಸ್ ಎಂಪಿ3 ಸಾಕು. ಒಂದು ಗಂಟೆಗೆ ಸುಮಾರು 29 ಎಂಬಿ.

ಮಾತಿನಲ್ಲಿ ಆಗುವ ಎಡವಟ್ಟುಗಳೂ ಇವೆ, ಅವು ಚಿಕ್ಕವು. ಕತೆಯ ಸಾರಾಂಶಕ್ಕೇ ನಲವತ್ತು ನಿಮಿಷ ತೆಗೆದುಕೊಳ್ಳುವುದು (ಮೂರು ನಿಮಿಷ ಸಾಕು, ನೋಡಿದವರಿಗೆ ನೆನಪಾದರೆ ಆಯಿತು). ಐದು ಜನ ಒಂದೇ ಮೈಕಿನ ಸುತ್ತ ಕೂರುವುದು. ದನಿಯಿಂದ ಆಳನ್ನು ಗುರುತಿಸಲು ಕೇಳುಗರಿಗೆ ಮೂರಕ್ಕಿಂತ ಹೆಚ್ಚಾದರೆ ಕಷ್ಟ. ಎಲ್ಲಕ್ಕಿಂತ ದೊಡ್ಡದು, ರೆಕಾರ್ಡ್ ಮಾಡುವ ಮೊದಲೇ ಇಬ್ಬರೂ ಫೋನಿನಲ್ಲಿ ಪೂರ್ತಿ ಮಾತಾಡಿ ಮುಗಿಸಿರುವುದು. ಆಮೇಲೆ ಮೈಕಿನ ಮುಂದೆ ಬರುವುದು ತಂಗಳು. ಚಿತ್ರವನ್ನು ಎರಡು ಸಲ ನೋಡಿ, ಮೊದಲ ಸಲ ಸುಮ್ಮನೆ, ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಸಮಯ ಬರೆದುಕೊಂಡು, ತಮ್ಮ ಟಿಪ್ಪಣಿಯನ್ನು ಇನ್ನೊಬ್ಬರಿಗೆ ತೋರಿಸದೆ ಕೂರುವ ಜೋಡಿಯ ಜಗಳಕ್ಕೆ ಬಿಸಿ ಇರುತ್ತದೆ.

ಚಿತ್ರದ ತುಣುಕು, ಹಾಡು ಹಾಕುವವರಿಗೆ ಒಂದು ಮಾತು. ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಆದರೆ ಯೂಟ್ಯೂಬಿನ ಹಾಡು ಹಿಡಿಯುವ ಯಂತ್ರ ಸೆಕ್ಷನ್ ಓದುವುದಿಲ್ಲ. ಸಾಲನ್ನು ಬಾಯಲ್ಲೇ ಬೇಸೂರಾಗಿ ಗುನುಗುವುದು ಕ್ಷೇಮ. ಕೇಳಲು ಮಜವೂ ಅದೇ.

ಕುರ್ಚಿ ತುಂಬಿದಾಗ

ಪಾಡ್‌ಕಾಸ್ಟ್ ಬೆಳೆದಂತೆ ಚಿತ್ರತಂಡಗಳು ಹುಡುಕಿಕೊಂಡು ಬರುತ್ತವೆ. ಬಿಡುಗಡೆಗೆ ವಾರ ಇರುವಾಗ ನಾಯಕ, ನಿರ್ದೇಶಕ ಬಂದು ಒಂದೂವರೆ ಗಂಟೆ ಕೂರುತ್ತಾರೆ. ಕ್ಯಾಮೆರಾ ಬರುತ್ತದೆ, ದೀಪ ಬರುತ್ತದೆ, ವ್ಯೂಸ್ ಏರುತ್ತದೆ. ಅವರು ಕೂರುವುದು ಮೂರನೇ ಕುರ್ಚಿಯಲ್ಲಿ. ಅಲ್ಲಿಂದ ಎದ್ದ ಕೇಳುಗರು ಮತ್ತೆ ಪ್ರೇಕ್ಷಕರಾಗುತ್ತಾರೆ, ಅತಿಥಿಯ ಎದುರು ‘ಸೆಕೆಂಡ್ ಹಾಫ್ ಲ್ಯಾಗ್’ ಎಂದು ಹೇಳುವವರು ಯಾರೂ ಉಳಿದಿರುವುದಿಲ್ಲ. ಪ್ರಚಾರ ತಪ್ಪೆಂದಲ್ಲ, ಅದೊಂದು ಬೇರೆ ಸರಕು. ಕೇಳುಗರಲ್ಲಿ ಕೆಲವರು ಹಳೆಯ ಸಂಚಿಕೆಗಳಿಗೇ ಹಿಂದಿರುಗಿ ಹೋಗುತ್ತಾರೆ.

ಅಲ್ಲೂ ಒಂದು ಅಪಾಯ ಕಾದಿದೆ. ಹವ್ಯಾಸಿ ಪಾಡ್‌ಕಾಸ್ಟ್‌ಗಳು ನಿಲ್ಲುವುದು ಸದ್ದಿಲ್ಲದೆ. ಒಂದು ತಾಸಿನ ಮಾತಿಗೆ ಮೂರು-ನಾಲ್ಕು ತಾಸು ಎಡಿಟಿಂಗ್, ಪ್ರತಿ ವಾರ. ಒಬ್ಬರಿಗೆ ಮದುವೆಯೋ ವರ್ಗವೋ ಆದರೆ ಮುಗಿಯಿತು. ಫೈಲುಗಳು ಇರುವುದು ತಿಂಗಳ ಬಾಡಿಗೆಯ ಹೋಸ್ಟಿಂಗ್‌ನಲ್ಲಿ. ಆ್ಯಪ್‌ಗಳು ತೋರಿಸುವುದು ಅಲ್ಲಿನ ವಿಳಾಸವನ್ನು ಮಾತ್ರ. ಬಾಡಿಗೆ ನಿಂತರೆ ಹೆಸರು, ಚಿತ್ರ, ಸಂಚಿಕೆಗಳ ಪಟ್ಟಿ ಕೆಲ ಕಾಲ ಹಾಗೇ ಇರುತ್ತದೆ, ಒತ್ತಿದರೆ ಏನೂ ಕೇಳಿಸುವುದಿಲ್ಲ. ಮೂಲ ರೆಕಾರ್ಡಿಂಗ್‌ಗಳನ್ನು ಹಾರ್ಡ್ ಡಿಸ್ಕಿನಲ್ಲಿಟ್ಟು, ಒಂದೊಂದು ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ಗೆ ಉಚಿತವಾಗಿ ಏರಿಸುವ ಅಭ್ಯಾಸ ಇನ್ನೂ ಕಡಿಮೆ. ಸದ್ಯಕ್ಕೆ ಎಷ್ಟೋ ಸಂಚಿಕೆಗಳು ಉಳಿದಿರುವುದು ಯಾರದೋ ಹಳೆಯ ಫೋನಿನ ಡೌನ್‌ಲೋಡ್ ಫೋಲ್ಡರಿನಲ್ಲಿ, 29 ಎಂಬಿ ಜಾಗದಲ್ಲಿ.